ಅಡವಿಗೆ ಬಿಟ್ಟ ಹೋತ: ಒಂದು ಇಂಗ್ಲಿಷ್ ಮಾತಿನ ಅರ್ಥವೂ ಮೂಲವೂ



ಕಳೆದ ಬೇಸಿಗೆಯಲ್ಲಿ ನಾವು ಸಾದಲಿಯಿಂದ ನಮ್ಮ ಹಳ್ಳಿಗೆ ಕಾಲ್ನಡೆಯಾಗಿ ಬರುತ್ತಿರುವಾಗ, ಪಟ್ಟಣದ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಸಭೆಯ ಯೌವನಸ್ಥನೊಬ್ಬನು ದಾರಿಯಲ್ಲಿ ಜೊತೆಗೂಡಿದನು. ಅವನು ಸ್ವಲ್ಪ ದೂರ ಸುಮ್ಮನೆ ನಡೆದು ಆಮೇಲೆ, “ಅಯ್ಯನವರೇ, ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಸಂಗತಿಯನ್ನು ಓದಿದೆನು. ಯಾವುದೋ ಕಚೇರಿಯಲ್ಲಿ ಹಣ ಕಾಣೆಯಾಯಿತಂತೆ. ಮೇಲಿನವರೆಲ್ಲರೂ ಕೂಡಿ ಒಬ್ಬ ಗುಮಾಸ್ತನನ್ನು ‘ಸ್ಕೇಪ್‌ಗೋಟ್’ ಮಾಡಿದರಂತೆ. ಗೋಟ್ ಎಂದರೆ ಮೇಕೆಯಲ್ಲವೇ? ಮನುಷ್ಯನನ್ನು ಮೇಕೆ ಮಾಡುವುದು ಹೇಗೆ?” ಎಂದು ಕೇಳಿದನು. ನಾವು, “ತಮ್ಮಾ, ಅದು ನಮ್ಮ ಚೀಲದಲ್ಲಿರುವ ಸತ್ಯವೇದದಿಂದಲೇ ಹೊರಟ ಮಾತು; ಮನೆಗೆ ಹೋಗಿ ಯಾಜಕಕಾಂಡದ ೧೬ನೆಯ ಅಧ್ಯಾಯವನ್ನು ಓದು” ಎಂದೆವು. ಆದರೆ ಉಳಿದ ದಾರಿಯುದ್ದಕ್ಕೂ ನಮ್ಮ ಮನಸ್ಸು ನಮ್ಮನ್ನೇ ಚುಚ್ಚುತ್ತಿತ್ತು. ಯಾಕಂದರೆ ಆ ಮಾತಿನ ಅರ್ಥವನ್ನು ನಾವು ಸೆಮಿನರಿಯಲ್ಲಿ ಕಲಿತದ್ದಕ್ಕಿಂತಲೂ ಹೆಚ್ಚಾಗಿ ನಮ್ಮ ಸ್ವಂತ ಸಭೆಯಲ್ಲಿ, ನಮ್ಮ ಸ್ವಂತ ತಪ್ಪಿನಿಂದ ಕಲಿತಿದ್ದೆವು. ಆ ಸಂಗತಿಯನ್ನು ಈ ಪಾಠದ ಕೊನೆಯ ಭಾಗದಲ್ಲಿ ಹೇಳುವೆವು. ಮೊದಲು ಮಾತಿನ ಅರ್ಥವನ್ನೂ ಮೂಲವನ್ನೂ ವಿಚಾರಿಸೋಣ.

೧. ಮಾತಿನ ಅರ್ಥ

ಒಬ್ಬನು ಮಾಡಿದ ಇಲ್ಲವೆ ಅನೇಕರು ಕೂಡಿ ಮಾಡಿದ ತಪ್ಪನ್ನು, ಅದನ್ನು ಮಾಡದೆ ಇದ್ದ ಮತ್ತೊಬ್ಬನ ತಲೆಯ ಮೇಲೆ ಹೊರಿಸಿ, ಅವನನ್ನು ದಂಡಿಸಿ ಅಥವಾ ಹೊರಗೆ ಹಾಕಿ, ತಾವು ನಿರ್ದೋಷಿಗಳೆಂದು ನೆಮ್ಮದಿಯಾಗಿರುವುದುಂಟಷ್ಟೆ. ಹಾಗೆ ಹೊರೆ ಹೊತ್ತವನನ್ನೇ ಇಂಗ್ಲಿಷಿನವರು ‘ಸ್ಕೇಪ್‌ಗೋಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಅವನು ಬಲವಿಲ್ಲದವನು. ಅವನ ಪರವಾಗಿ ಮಾತಾಡುವವರು ಊರಲ್ಲಿ ಇರುವುದಿಲ್ಲ.

ಈ ಮಾತು ಪರಭಾಷೆಯದಾದರೂ ಸಂಗತಿ ನಮಗೆ ಹೊಸದಲ್ಲ. ನಮ್ಮ ಹಿರಿಯರು ಗಾದೆಗಳಲ್ಲಿ ಇದನ್ನು ಮೂರು ವಿಧವಾಗಿ ಹೇಳಿದ್ದಾರೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬುದು ಮೊದಲನೆಯದು. ಇಲ್ಲಿ ಕೋತಿಗೆ ಸತ್ಯ ಗೊತ್ತಿದೆ, ಗೊತ್ತಿದ್ದೇ ಮಾಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಎರಡನೆಯದು. ಇಲ್ಲಿ ವಂಚನೆಗಿಂತ ಗಾಬರಿಯೇ ಹೆಚ್ಚು. ಏನಾದರೂ ಮಾಡಬೇಕೆಂಬ ಆತುರದಲ್ಲಿ ಕಾದ ಕಬ್ಬಿಣವನ್ನು ಕೈಗೆ ಸಿಕ್ಕಿದ ಪ್ರಾಣಿಗೆ ಇಡುತ್ತಾರೆ. ಎಮ್ಮೆಗೆ ನೋವು, ಎತ್ತಿಗೆ ಗುಣವಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬುದು ಮೂರನೆಯದು. ಇಲ್ಲಿ ಒಬ್ಬನು ತನ್ನ ಕುಂದನ್ನು ಒಪ್ಪಲಾರದೆ ಸುತ್ತಲಿನ ವಸ್ತುವನ್ನು ದೂರುತ್ತಾನೆ. ವಂಚನೆ, ಗಾಬರಿ, ನಾಚಿಕೆ ಈ ಮೂರೂ ಕೂಡಿಯೇ ಮನುಷ್ಯರು ತಮ್ಮ ತಪ್ಪನ್ನು ಪರರ ಮೇಲೆ ಹಾಕುತ್ತಾರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಕನ್ನಡ ಪತ್ರಿಕೆಗಳಲ್ಲಿ ಇಂಥವನನ್ನು ‘ಬಲಿಪಶು’ ಎಂದು ಬರೆಯುವುದುಂಟು. ಭಾವ ತಿಳಿಯುವುದಕ್ಕೆ ಇದು ಸಾಕು. ಆದರೆ ಸರಿಯಾಗಿ ನೋಡಿದರೆ ಬಲಿಯಾದ ಪಶು ಬೇರೆ, ಇಂಗ್ಲಿಷ್ ಮಾತಿನ ಹೋತ ಬೇರೆ. ಆ ಹೋತವನ್ನು ಯಜ್ಞವೇದಿಯ ಬಳಿ ಕೊಯ್ಯಲಿಲ್ಲ. ಜೀವದೊಡನೆ ಅಡವಿಗೆ ಕಳುಹಿಸಿದರು. ಈ ಭೇದ ಹೇಗೆ ಬಂತೆಂದು ಮುಂದೆ ನೋಡುವೆವು.

೨. ಮಾತಿನ ಹುಟ್ಟು

ಇಂಗ್ಲಿಷಿನಲ್ಲಿ ಈ ಶಬ್ದವು ೧೫೩೦ಕ್ಕಿಂತ ಮೊದಲು ಇರಲಿಲ್ಲ. ಆ ವರ್ಷದಲ್ಲಿ ವಿಲಿಯಂ ಟಿಂಡೇಲ್ ಎಂಬ ಪಂಡಿತನು ಮೋಶೆಯ ಐದು ಪುಸ್ತಕಗಳನ್ನು ಇಬ್ರಿಯ ಮೂಲದಿಂದ ಇಂಗ್ಲಿಷಿಗೆ ಮಾಡಿ ಅಚ್ಚುಹಾಕಿಸಿದನು. ಆ ಕಾಲದ ಇಂಗ್ಲೆಂಡಿನಲ್ಲಿ ಜನರ ಭಾಷೆಗೆ ಸತ್ಯವೇದವನ್ನು ಮಾರ್ಪಡಿಸಲು ಅಪ್ಪಣೆಯಿಲ್ಲದ್ದರಿಂದ ಅವನು ಸ್ವದೇಶವನ್ನು ಬಿಟ್ಟು ಪರದೇಶದಲ್ಲಿ ಅಡಗಿ ಈ ಕೆಲಸವನ್ನು ಮಾಡಬೇಕಾಯಿತು. ಕಡೆಗೆ ಅವನನ್ನು ಹಿಡಿದು, ೧೫೩೬ರಲ್ಲಿ ಬ್ರಸೆಲ್ಸ್ ಪಟ್ಟಣದ ಹತ್ತಿರದ ವಿಲ್ವೋರ್ಡ್ ಎಂಬಲ್ಲಿ ಕೊರಳು ಬಿಗಿದು ಕೊಂದು ಸುಟ್ಟರು.

ಟಿಂಡೇಲನು ಯಾಜಕಕಾಂಡದ ೧೬ನೆಯ ಅಧ್ಯಾಯಕ್ಕೆ ಬಂದಾಗ ‘ಅಜಾಜೇಲ್’ ಎಂಬ ಇಬ್ರಿಯ ಶಬ್ದ ಎದುರಾಯಿತು. ಅದು ಕಡಿದಾದ ಬಂಡೆಯ ಹೆಸರೆಂದು ಕೆಲವರೂ, ಅಡವಿಯಲ್ಲಿರುವ ದುರಾತ್ಮದ ಹೆಸರೆಂದು ಕೆಲವರೂ ಹೇಳುತ್ತಾರೆ. ಆದರೆ ಇಬ್ರಿಯ ಭಾಷೆಯಲ್ಲಿ ‘ಏಜ್’ ಎಂದರೆ ಮೇಕೆ, ‘ಓಜೇಲ್’ ಎಂದರೆ ಹೊರಟುಹೋಗುವಂಥದು. ಹೀಗೆ ಶಬ್ದವನ್ನು ಎರಡಾಗಿ ಬಿಡಿಸಿದರೆ ‘ಹೊರಟುಹೋಗುವ ಮೇಕೆ’ ಎಂದಾಗುತ್ತದೆ. ಪೂರ್ವಕಾಲದ ಗ್ರೀಕ್ ಭಾಷಾಂತರವೂ ಜೆರೋಮನ ಲ್ಯಾಟಿನ್ ಭಾಷಾಂತರವೂ ಇದೇ ದಾರಿಯನ್ನು ಹಿಡಿದು, ಕಳುಹಿಸಿಬಿಟ್ಟ ಹೋತ ಎಂಬ ಅರ್ಥವನ್ನು ಕೊಟ್ಟಿದ್ದವು. ಟಿಂಡೇಲನೂ ಹಾಗೆಯೇ ತಿಳಿದುಕೊಂಡು, ತಪ್ಪಿಸಿಕೊಂಡು ಹೋಗುವುದು ಎಂಬರ್ಥದ ‘ಎಸ್ಕೇಪ್’ ಶಬ್ದದ ತಲೆಯನ್ನು ತುಂಡುಮಾಡಿ, ಅದಕ್ಕೆ ಮೇಕೆ ಎಂಬರ್ಥದ ‘ಗೋಟ್’ ಅನ್ನು ಸೇರಿಸಿ ‘ಸ್ಕೇಪ್‌ಗೋಟ್’ ಎಂಬ ಹೊಸ ಶಬ್ದವನ್ನು ಮಾಡಿದನು. ೧೬೧೧ರಲ್ಲಿ ಅರಸನಾದ ಜೇಮ್ಸನ ಕಾಲದ ಭಾಷಾಂತರಕಾರರು ಅದನ್ನೇ ಇಟ್ಟುಕೊಂಡದ್ದರಿಂದ ಆ ಶಬ್ದ ಮನೆಮನೆಯನ್ನೂ ಮುಟ್ಟಿತು.

ಬಹುಕಾಲ ಅದು ಆ ಹೋತದ ಹೆಸರಾಗಿಯೇ ಇತ್ತು. ೧೮೨೪ರ ಹೊತ್ತಿಗೆ, ಪರರ ತಪ್ಪಿಗೆ ನಿಂದೆ ಹೊರುವ ಮನುಷ್ಯನಿಗೂ ಆ ಹೆಸರನ್ನು ಇಡತೊಡಗಿದ್ದರು. ೧೮೮೫ರಲ್ಲಿ ಇಂಗ್ಲಿಷ್ ಸತ್ಯವೇದವನ್ನು ತಿದ್ದಿದ ಪಂಡಿತರು ಟಿಂಡೇಲನ ಶಬ್ದವನ್ನು ತೆಗೆದು ಅಜಾಜೇಲ್ ಎಂಬ ಇಬ್ರಿಯ ಶಬ್ದವನ್ನೇ ಮರಳಿ ಇಟ್ಟರು. ಆದರೆ ಅಷ್ಟರಲ್ಲಿ ಹೋತವು ಪುಸ್ತಕದಿಂದ ಬೀದಿಗೆ ಬಂದಿತ್ತು.

೩. ಮೊದಲನೆಯ ಕ್ರಮ ಹೇಗಿತ್ತು?

ಇಸ್ರಾಯೇಲರ ಏಳನೆಯ ತಿಂಗಳಿನ ಹತ್ತನೆಯ ದಿವಸವು ದೋಷಪರಿಹಾರದ ದಿನವಾಗಿತ್ತು. ಅಂದು ಯಾರೂ ಕೆಲಸಮಾಡಬಾರದು. ಸ್ವದೇಶಸ್ಥರೂ ಅವರ ನಡುವೆ ವಾಸಿಸುವ ಪರದೇಶಸ್ಥರೂ ತಮ್ಮನ್ನು ತಗ್ಗಿಸಿಕೊಳ್ಳಬೇಕು. ಮಹಾಯಾಜಕನು ಸ್ನಾನಮಾಡಿ, ತನ್ನ ಮಹಿಮೆಯ ವಸ್ತ್ರಗಳನ್ನಲ್ಲ, ನಾರಿನ ಬಿಳಿ ವಸ್ತ್ರಗಳನ್ನು ಉಟ್ಟುಕೊಂಡು ಬರಬೇಕು. ಇನ್ನು ಕ್ರಮವನ್ನು ಗಮನಿಸಿರಿ. ಅವನು ಮೊದಲು ತನಗೋಸ್ಕರವೂ ತನ್ನ ಮನೆತನದವರಿಗೋಸ್ಕರವೂ ಒಂದು ಹೋರಿಯನ್ನು ಅರ್ಪಿಸಬೇಕು. ತನ್ನ ದೋಷದ ವಿಚಾರ ಮುಗಿಯದೆ ಜನರ ದೋಷದ ವಿಚಾರಕ್ಕೆ ಅವನು ಕೈಹಾಕುವಂತಿಲ್ಲ.

ಅನಂತರ ಸಭೆಯವರು ಕೊಟ್ಟ ಎರಡು ಹೋತಗಳನ್ನು ದೇವದರ್ಶನದ ಗುಡಾರದ ಬಾಗಿಲಲ್ಲಿ ನಿಲ್ಲಿಸಿ ಚೀಟು ಹಾಕಬೇಕು. ಒಂದು ಕರ್ತನ ಪಾಲು. ಅದನ್ನು ವಧಿಸಿ ಅದರ ರಕ್ತವನ್ನು ಮಹಾಪವಿತ್ರಸ್ಥಾನಕ್ಕೆ ತರುತ್ತಿದ್ದರು. ಇನ್ನೊಂದು ಅಜಾಜೇಲನ ಪಾಲು. ಮಹಾಯಾಜಕನು ಜೀವವುಳ್ಳ ಆ ಹೋತದ ತಲೆಯ ಮೇಲೆ ತನ್ನ ಎರಡು ಕೈಗಳನ್ನೂ ಇಟ್ಟು, ಇಸ್ರಾಯೇಲರ ಅಪರಾಧಗಳನ್ನೂ ದ್ರೋಹಗಳನ್ನೂ ಬಾಯಿಬಿಟ್ಟು ಅರಿಕೆಮಾಡಬೇಕು. ಆಮೇಲೆ ನೇಮಕವಾದ ಒಬ್ಬ ಮನುಷ್ಯನು ಅದನ್ನು ನಿರ್ಜನವಾದ ಅಡವಿಗೆ ನಡಿಸಿಕೊಂಡು ಹೋಗಿ ಬಿಟ್ಟು, ತನ್ನ ಬಟ್ಟೆಗಳನ್ನು ಒಗೆದು ಸ್ನಾನಮಾಡಿದ ಮೇಲೆಯೇ ಪಾಳೆಯಕ್ಕೆ ಬರಬೇಕು.

ಯೆಹೂದ್ಯರ ಮಿಷ್ನಾ ಎಂಬ ಪುರಾತನ ಗ್ರಂಥದಲ್ಲಿ ಯೆರೂಸಲೇಮಿನ ದೇವಾಲಯದ ಕಾಲದ ವಿವರಗಳು ಇವೆ. ಎರಡು ಹೋತಗಳೂ ಬಣ್ಣದಲ್ಲಿ, ಎತ್ತರದಲ್ಲಿ, ಬೆಲೆಯಲ್ಲಿ ಸಮಾನವಾಗಿರಬೇಕು. ಎರಡನ್ನೂ ಒಟ್ಟಿಗೇ ಕೊಂಡುಕೊಳ್ಳಬೇಕು. ಅಡವಿಗೆ ಹೋಗುವ ಹೋತದ ತಲೆಗೆ ಕೆಂಪು ಉಣ್ಣೆಯ ದಾರವನ್ನು ಕಟ್ಟುತ್ತಿದ್ದರು. ಆ ಕಾಲದಲ್ಲಿ ಅದನ್ನು ಅಡವಿಯಲ್ಲಿ ಸುಮ್ಮನೆ ಬಿಡದೆ ಬಂಡೆಯ ಅಂಚಿನಿಂದ ತಳ್ಳುತ್ತಿದ್ದರೆಂದೂ ಅದರಲ್ಲಿ ಹೇಳಿದೆ.

ಇಲ್ಲಿ ನಾವು ಕಲಿಯತಕ್ಕ ಮುಖ್ಯ ಸಂಗತಿ ಒಂದುಂಟು. ಆ ದಿನ ಪಾಳೆಯದಲ್ಲಿ ಯಾರಾದರೂ, ಈ ಹೋತವೇ ಕದ್ದಿತು, ಈ ಹೋತವೇ ಸುಳ್ಳುಸಾಕ್ಷಿ ಹೇಳಿತು, ಎಂದರೇ? ಒಬ್ಬರೂ ಅನ್ನಲಿಲ್ಲ. ಕದ್ದವರು ನಾವು, ಸುಳ್ಳು ಹೇಳಿದವರು ನಾವು ಎಂಬುದನ್ನು ಎಲ್ಲರ ಕಿವಿಗೂ ಬೀಳುವಂತೆ ಒಪ್ಪಿಕೊಂಡ ಮೇಲೆಯೇ ಹೋತವು ಹೊರಟಿತು. ಹೋತವು ನಿರಪರಾಧಿಯೆಂಬುದು ಎಲ್ಲರಿಗೂ ಗೊತ್ತಿತ್ತು.

ಇದಲ್ಲದೆ ಕೈಯಿಟ್ಟ ಆ ಮಹಾಯಾಜಕನು ಯಾರು? ಮೊದಲನೆಯವನು ಆರೋನನು. ವಿಮೋಚನಕಾಂಡದ ೩೨ನೆಯ ಅಧ್ಯಾಯವನ್ನು ಓದಿದವರಿಗೆ ಅವನ ಹಳೆಯ ಸಂಗತಿ ತಿಳಿದೇ ಇದೆ. ಚಿನ್ನದ ಬಸವನ ವಿಷಯದಲ್ಲಿ ಮೋಶೆ ವಿಚಾರಿಸಿದಾಗ ಅವನು ತಪ್ಪನ್ನು ಜನರ ಮೇಲೆ ಹಾಕಿದನು. ಅದೂ ಸಾಲದೆ, ತಾನು ಚಿನ್ನವನ್ನು ಬೆಂಕಿಗೆ ಹಾಕಲಾಗಿ ಬಸವನು ತಾನಾಗಿಯೇ ಹೊರಗೆ ಬಂದಂತೆ ಹೇಳಿದನು. ನೆಲ ಡೊಂಕೆಂದವಳ ಮಾತಿಗಿಂತಲೂ ಇದು ಹೆಚ್ಚಿನದು. ಅಂಥವನನ್ನೇ ದೇವರು ಕರೆದು, ವರ್ಷಕ್ಕೊಮ್ಮೆ ಎರಡು ಕೈಯಿಟ್ಟು ಬಾಯಿಬಿಟ್ಟು ತಪ್ಪನ್ನು ಒಪ್ಪುವ ಕೆಲಸಕ್ಕೆ ನೇಮಿಸಿದನು.

೪. ನೀಲಗಿರಿಯ ಕರು

ಇಂಥ ಕ್ರಮ ಇಸ್ರಾಯೇಲರಲ್ಲಿ ಮಾತ್ರ ಇತ್ತೆಂದು ಎಣಿಸಬೇಡಿರಿ. ನಮ್ಮ ಕನ್ನಡನಾಡಿಗೆ ತಗಲಿಕೊಂಡೇ ಇರುವ ನೀಲಗಿರಿಯಲ್ಲಿ ಬಡಗರೆಂಬ ಜನರಿದ್ದಾರೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ, ಬೆಟ್ಟಕ್ಕೆ ಹೋದವರಾದ್ದರಿಂದ ಅವರಿಗೆ ಆ ಹೆಸರು ಬಂತೆನ್ನುತ್ತಾರೆ. ಅವರ ನುಡಿಯೂ ಕನ್ನಡಕ್ಕೆ ಬಹಳ ಹತ್ತಿರವಾದದ್ದು. ೧೯ನೆಯ ಶತಮಾನದ ನಡುವೆ ನೀಲಗಿರಿಯಲ್ಲಿ ಕೆಲಸಮಾಡಿದ ಬಾಸೆಲ್ ಮಿಷನಿನವರೂ, ಅವರ ತರುವಾಯ ಬೇರೆ ಪಂಡಿತರೂ ಅವರ ಶವಸಂಸ್ಕಾರದ ಕ್ರಮವನ್ನು ಕಂಡು ಬರೆದಿಟ್ಟಿದ್ದಾರೆ.

ಸತ್ತವನ ಚಟ್ಟದ ಬಳಿಗೆ ಒಂದು ಎಮ್ಮೆಯ ಕರುವನ್ನು ತರುತ್ತಿದ್ದರು. ಕುಲದ ಹಿರಿಯನೊಬ್ಬನು ನಿಂತು, ಸತ್ತವನೂ ಅವನ ಪಿತೃಗಳೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಿದ್ದನು. ಗಡಿಕಲ್ಲನ್ನು ಸರಿಸಿದುದು, ಹಾವು ಹಲ್ಲಿಗಳನ್ನು ಕೊಂದುದು, ಪರರ ಹಾಲೆಮ್ಮೆಯನ್ನು ಕಂಡು ಹೊಟ್ಟೆಕಿಚ್ಚುಪಟ್ಟುದು, ಹೀಗೆ ಪಟ್ಟಿ ಬೆಳೆಯುತ್ತಿತ್ತು. ಪ್ರತಿಯೊಂದಕ್ಕೂ ನೆರೆದವರು ಅದು ಪಾಪವೆಂದು ದನಿಗೂಡಿಸುತ್ತಿದ್ದರು. ಪಾಪಗಳ ಲೆಕ್ಕವನ್ನು ೧೩೦೦ ಎಂದು ಹೇಳುವುದು ವಾಡಿಕೆ. ಆಮೇಲೆ ಕರುವಿನ ಮೇಲೆ ಕೈಯಿಟ್ಟು, ಪಾಪವು ಅದರ ಮೇಲೆ ಹೋಯಿತೆಂದು ಹೇಳಿ, ಅದನ್ನು ಬಿಟ್ಟುಬಿಡುತ್ತಿದ್ದರು. ಆ ಕರುವಿನಿಂದ ಮತ್ತೆ ಯಾರೂ ಕೆಲಸ ತೆಗೆದುಕೊಳ್ಳುತ್ತಿರಲಿಲ್ಲ.

ಯೆಹೂದ್ಯರ ಅಡವಿಗೂ ನೀಲಗಿರಿಯ ಬೆಟ್ಟಕ್ಕೂ ಸಮುದ್ರ ಅಡ್ಡವಿದೆ. ಆದರೂ ಎರಡೂ ಕ್ರಮಗಳಲ್ಲಿ ಒಂದು ಅಂಶ ಸಮಾನವಾಗಿದೆ. ಪಾಪವನ್ನು ಮೊದಲು ಹೆಸರು ಹಿಡಿದು ಹೇಳಬೇಕು. ಸತ್ತವನ ಬಂಧುಗಳೇ ನಿಂತು, ನಮ್ಮವನು ಗಡಿಕಲ್ಲು ಸರಿಸಿರಬಹುದು ಎಂದು ಊರ ಮುಂದೆ ಕೇಳಿಸಿಕೊಳ್ಳುವುದು ಸುಲಭವಾದ ಕೆಲಸವಲ್ಲ. ನಾವು ಜ್ಞಾನ ಹೊಂದಿದವರೆಂದು ಹೇಳಿಕೊಂಡು ಅವರನ್ನು ಕೀಳಾಗಿ ಕಾಣುವ ಮೊದಲು, ಅಷ್ಟನ್ನು ನಾವು ಮಾಡಬಲ್ಲೆವೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

೫. ಮಾತು ತಲೆಕೆಳಗಾದದ್ದು

ಹಾಗಾದರೆ ಈಗಿನ ಮಾತಿನಲ್ಲಿ ಏನು ಬದಲಾಯಿತು? ಹೋತವು ಉಳಿಯಿತು, ಅರಿಕೆಯು ಹೋಯಿತು. ಮೊದಲು ಜನರು ತಮ್ಮ ಪಾಪವನ್ನು ಒಪ್ಪಿ, ನಿರಪರಾಧಿಯೆಂದು ತಿಳಿದ ಪ್ರಾಣಿಯನ್ನು ಕಳುಹಿಸಿದರು. ಈಗ ಜನರು ತಮ್ಮ ಪಾಪವನ್ನು ಮುಚ್ಚಿ, ನಿರಪರಾಧಿಯನ್ನೇ ಅಪರಾಧಿಯೆಂದು ಕೂಗಿ ಓಡಿಸುತ್ತಾರೆ. ಇದಕ್ಕೆ ಚರಿತ್ರೆಯಿಂದ ಎರಡು ದೃಷ್ಟಾಂತಗಳನ್ನು ಕೊಡುವೆವು. ಒಂದರಲ್ಲಿ ಕ್ರೈಸ್ತರು ಹೊರೆ ಹೊತ್ತರು. ಇನ್ನೊಂದರಲ್ಲಿ ಕ್ರೈಸ್ತರೇ ಹೊರೆ ಹೊರಿಸಿದರು.

ಕ್ರಿಸ್ತಶಕ ೬೪ರಲ್ಲಿ ರೋಮ್ ಪಟ್ಟಣದ ಬಹುಭಾಗ ಬೆಂಕಿಯಿಂದ ಸುಟ್ಟುಹೋಯಿತು. ಚಕ್ರವರ್ತಿಯಾದ ನೀರೋನೇ ಬೆಂಕಿ ಹಾಕಿಸಿದನೆಂದು ಜನರು ಆಡಿಕೊಂಡರು. ಆ ಸುದ್ದಿಯನ್ನು ಅಡಗಿಸುವುದಕ್ಕಾಗಿ ಅವನು ಕ್ರೈಸ್ತರೆಂಬ ಹೊಸ ಮತದವರ ಮೇಲೆ ಅಪವಾದ ಹೊರಿಸಿ, ಅವರನ್ನು ಘೋರವಾಗಿ ಕೊಲ್ಲಿಸಿದನೆಂದು ರೋಮಿನ ಚರಿತ್ರಕಾರನಾದ ಟ್ಯಾಸಿಟಸನು ಬರೆದಿದ್ದಾನೆ. ಅವನು ಕ್ರೈಸ್ತರಿಗೆ ಸ್ನೇಹಿತನಲ್ಲ. ಆದಕಾರಣ ಅವನ ಸಾಕ್ಷಿಗೆ ಹೆಚ್ಚು ಬೆಲೆಯುಂಟು.

ಎರಡನೆಯದು ನಮಗೆ ನಾಚಿಕೆ ಹುಟ್ಟಿಸುವಂಥದು. ೧೩೪೮ರಲ್ಲಿ ಮಹಾ ಪ್ಲೇಗು ಯೂರೋಪಿನಲ್ಲಿ ಹಬ್ಬಿದಾಗ, ಯೆಹೂದ್ಯರು ಬಾವಿಗಳಲ್ಲಿ ವಿಷ ಹಾಕಿದರೆಂಬ ಸುಳ್ಳು ಸುದ್ದಿ ಊರಿಂದೂರಿಗೆ ಹರಡಿತು. ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರಲ್ಲಾ ಎಂದು ಆಗಿನ ಪೋಪನಾದ ಆರನೆಯ ಕ್ಲೆಮೆಂಟನು ಪತ್ರ ಹೊರಡಿಸಿ ತಿಳಿಹೇಳಿದರೂ ಜನರು ಕೇಳಲಿಲ್ಲ. ೧೩೪೯ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದ ಕ್ರೈಸ್ತರು ತಮ್ಮ ನೆರೆಹೊರೆಯ ಯೆಹೂದ್ಯರನ್ನು ಸುಟ್ಟರು. ಆಗ ಆ ಪಟ್ಟಣಕ್ಕೆ ಪ್ಲೇಗು ಇನ್ನೂ ಬಂದಿರಲಿಲ್ಲ. ಸುಟ್ಟ ಮೇಲೆ ಬಂತು. ರೋಗದ ಕ್ರಿಮಿಯನ್ನು ಯೆರ್ಸಿನನು ಹಾಂಗ್‌ಕಾಂಗಿನಲ್ಲಿ ೧೮೯೪ರಲ್ಲಿ ಕಂಡುಹಿಡಿದನು. ಅದನ್ನು ಇಲಿಯ ಮೈಮೇಲಿನ ಚಿಗಟವು ಒಯ್ಯುತ್ತದೆಂಬುದನ್ನು ಸಿಮಂಡ್ ಎಂಬ ವೈದ್ಯನು ಕರಾಚಿಯಲ್ಲಿ ೧೮೯೮ರಲ್ಲಿ ತೋರಿಸಿದನು. ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಇಟ್ಟ ಬರೆ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

೬. ನಮ್ಮ ನಡುವೆ ನಡೆದದ್ದು

ದೂರದ ಪಟ್ಟಣಗಳನ್ನು ಬಿಟ್ಟು ಈಗ ನಮ್ಮ ಸೀಮೆಗೆ ಬರೋಣ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಂಬಿ ಬಾಳುವ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇವೆ. ಒಂದು ಬೆಳೆ ಕೈಕೊಟ್ಟರೆ ಸಾಲದ ಬಡ್ಡಿ ನಿಲ್ಲುವುದಿಲ್ಲ, ಮಕ್ಕಳ ಫೀಸು ನಿಲ್ಲುತ್ತದೆ. ಹೀಗಿರಲಾಗಿ ಬೆಳೆ ಕೆಟ್ಟಾಗ ಮನುಷ್ಯನ ಮನಸ್ಸೂ ಕೆಡುವುದು ಆಶ್ಚರ್ಯವಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಸಹೋದರನೊಬ್ಬನ ಹುಳುಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರ ಎದ್ದ ಮೇಲೆ, ಇನ್ನೇನು ಹಣ್ಣಾಗಬೇಕು, ಚಂದ್ರಿಕೆಗೆ ಬಿಡಬೇಕು ಎನ್ನುವಾಗ ಊದಿಕೊಂಡು, ಮೈ ಒಡೆದು, ಹಾಲಿನಂಥ ರಸ ಸುರಿಸುತ್ತಾ ಸತ್ತವು. ಎರಡು ಮೂರು ದಿನಗಳಲ್ಲಿ ತಟ್ಟೆಗಳೆಲ್ಲಾ ಬರಿದಾದವು. ಆ ವಾರದಲ್ಲಿ ನಮ್ಮ ಸಭೆಯ ಒಬ್ಬ ವಿಧವೆ, ಅವನ ತೋಟದಲ್ಲಿ ಸೊಪ್ಪು ಕೊಯ್ಯಲು ಕೂಲಿಗೆ ಹೋಗುವವಳು, ಅವನ ಹುಳುಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟೇ ಸಾಕಾಯಿತು. ಅವಳ ದೃಷ್ಟಿ ಬಿತ್ತು, ಗಂಡನನ್ನು ತಿಂದವಳು ಹುಳುವನ್ನೂ ತಿಂದಳು ಎಂದು ಮಾತು ಎದ್ದಿತು. ಇಂಥ ಮಾತನ್ನು ಊರಿನವರು ಆಡಿದರೆ ದುಃಖವೇ ಸರಿ. ದೀಕ್ಷಾಸ್ನಾನ ಹೊಂದಿದವರೂ ಆಡಿದರು. ಭಾನುವಾರ ಅವಳು ಕೂತ ಚಾಪೆಯಲ್ಲಿ ಯಾರೂ ಕೂಡಲಿಲ್ಲ. ಮತ್ತೊಂದು ಭಾನುವಾರ ಕೂಲಿಗೂ ಅವಳನ್ನು ಯಾರೂ ಕರೆಯುತ್ತಿಲ್ಲವೆಂದು ತಿಳಿದುಬಂತು.

ಆಗ ನಾವು ಏನು ಮಾಡಿದೆವು? ವಾಚಕರೇ, ಇದನ್ನು ಬರೆಯುವುದು ನಮಗೆ ಸುಲಭವಲ್ಲ. ನಾವು ಅವಳ ಗುಡಿಸಿಲಿಗೆ ಹೋಗಿ, “ಅಮ್ಮಾ, ಜನರ ಬಾಯಿ ಮುಚ್ಚಲಾಗದು, ಸಮಾಧಾನಕ್ಕಾಗಿ ನೀನು ಸ್ವಲ್ಪ ದಿನ ಪ್ರಾರ್ಥನೆಯನ್ನು ಮನೆಯಲ್ಲಿಯೇ ಮಾಡಿಕೋ” ಎಂದೆವು. ಸಭೆ ಒಡೆಯಬಾರದೆಂಬುದು ನಮ್ಮ ನೆಪ. ಅವಳು ನೆಲವನ್ನು ನೋಡುತ್ತಾ, “ಆಗಲಿ ಅಯ್ಯಾ” ಎಂದಳು. ನಾವು ಯಾಜಕಕಾಂಡವನ್ನು ಓದಿದವರು, ಪರೀಕ್ಷೆ ಕೊಟ್ಟವರು. ಆದರೂ ಅಂದು ಹೋತವನ್ನು ಅಡವಿಗೆ ನಡಿಸಿಕೊಂಡು ಹೋದ ಆ ನೇಮಕದ ಮನುಷ್ಯನು ನಾವೇ ಆದೆವು. ಅವನಾದರೂ ಬಟ್ಟೆ ಒಗೆದುಕೊಂಡು ಸ್ನಾನಮಾಡಿದನು. ನಾವು ಮನೆಗೆ ಬಂದು ಊಟಮಾಡಿದೆವು.

ಕೆಲವು ದಿನಗಳ ಮೇಲೆ ರೇಷ್ಮೆ ಇಲಾಖೆಯವರೊಬ್ಬರು ಆ ಕಡೆಗೆ ಬಂದಾಗ ಸಹೋದರನು ಸಂಗತಿಯನ್ನೆಲ್ಲಾ ಹೇಳಿಕೊಂಡನು. ಅವರು ದೃಷ್ಟಿಯ ಮಾತಿಗೆ ಹೋಗದೆ, “ಇದು ಹಾಲು ರೋಗ. ಹಿಂದಿನ ಬೆಳೆ ಎದ್ದ ಮೇಲೆ ಮನೆಯನ್ನೂ ತಟ್ಟೆಗಳನ್ನೂ ಬ್ಲೀಚಿಂಗ್ ಪುಡಿಯಿಂದ ತೊಳೆದಿರಾ?” ಎಂದು ಕೇಳಿದರು. ಸಹೋದರನು ಸುಮ್ಮನಾದನು. ಗೂಡಿಗೆ ಒಳ್ಳೆಯ ಬೆಲೆ ಇದ್ದುದರಿಂದ ಅವನು ಒಂದು ದಿನವನ್ನೂ ಬಿಡದೆ, ಮನೆಯನ್ನು ಬರೇ ಗುಡಿಸಿ, ಮುಂದಿನ ಹುಳುಗಳನ್ನು ತಂದು ಬಿಟ್ಟಿದ್ದನು. ಹಾಲು ರೋಗವನ್ನು ತರುವ ಸೂಕ್ಷ್ಮಾಣುವು ಸತ್ತ ಹುಳುವಿನ ರಸದಿಂದ ನೆಲದಲ್ಲಿಯೂ ತಟ್ಟೆಯಲ್ಲಿಯೂ ಉಳಿದು, ಸೊಪ್ಪಿನೊಡನೆ ಹೊಸ ಹುಳುವಿನ ಹೊಟ್ಟೆಗೆ ಹೋಗುತ್ತದೆಂದು ಅವರು ವಿವರಿಸಿದರು. ವಿಧವೆಯು ಬಾಗಿಲಿಗೆ ಬರುವ ಮೊದಲೇ ರೋಗ ಮನೆಯೊಳಗೆ ಇತ್ತು.

ಹುಳುವಿನ ರೋಗಕ್ಕೆ ಕಾರಣವನ್ನು ಹುಡುಕಿದ ಸಂಗತಿ ಲೋಕದಲ್ಲಿ ಹಳೆಯದು. ಫ್ರಾನ್ಸ್ ದೇಶದ ದಕ್ಷಿಣ ಸೀಮೆಯಲ್ಲಿ ನಾವು ಗಂಟು ರೋಗವೆನ್ನುವ ಪೆಬ್ರಿನ್ ಬಂದು ರೇಷ್ಮೆಯ ಕಸಬು ಹಾಳಾಗುತ್ತಿದ್ದಾಗ, ೧೮೬೫ರಲ್ಲಿ ಲೂಯಿ ಪಾಶ್ಚರನೆಂಬ ವಿದ್ವಾಂಸನು ಅಲ್ಲಿಗೆ ಹೋಗಿ ಕೆಲವು ವರ್ಷ ಶ್ರಮಪಟ್ಟನು. ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ತೋರಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಮೊಟ್ಟೆಯನ್ನು ಬಿಸಾಡುವ ಕ್ರಮವನ್ನು ಕಲಿಸಿದನು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯನ್ನು ಪರೀಕ್ಷಿಸುವುದು ಅದೇ ಕ್ರಮದಿಂದ. ಕಾರಣವನ್ನು ಹುಡುಕಿದವನಿಂದ ಸಾವಿರಾರು ಮನೆಗಳು ಉಳಿದವು. ಅಪರಾಧಿಯನ್ನು ಹುಡುಕಿದ ನಮ್ಮಿಂದ ಒಂದು ಗುಡಿಸಿಲಿನ ಒಲೆ ಆರಿತು.

ಆ ಸಹೋದರನ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ಅವನು ತಿಳಿದ ಮೇಲೆ ಮುಚ್ಚಿಡಲಿಲ್ಲ. ಭಾನುವಾರ ಆರಾಧನೆಯಲ್ಲಿ ಎದ್ದು ನಿಂತು, ತಾನು ಮನೆ ತೊಳೆಯದೆ ಹುಳು ಬಿಟ್ಟದ್ದನ್ನೂ ಆ ತಾಯಿಯ ಮೇಲೆ ಸುಳ್ಳು ಹೊರಿಸಿದ್ದನ್ನೂ ಹೇಳಿದನು. ಅವನು ಕೂತ ಮೇಲೆ ನಾವೂ ನಮ್ಮ ತಪ್ಪನ್ನು ಹೇಳಬೇಕಾಯಿತು. ಉಪದೇಶಿಯು ಮೊದಲು ಹೇಳಬೇಕಾದದ್ದನ್ನು ಎರಡನೆಯವನಾಗಿ ಹೇಳಿದನು. ಆರಾಧನೆ ಮುಗಿದ ಮೇಲೆ ಇಬ್ಬರೂ ಅವಳ ಗುಡಿಸಿಲಿಗೆ ಹೋದೆವು. ಸಹೋದರನು ಕೈಮುಗಿದು, “ಅಕ್ಕಾ, ನನ್ನದೇ ತಪ್ಪು” ಎಂದನು. ಅವಳು ಬಹಳ ಹೊತ್ತು ಮಾತಾಡದೆ ಇದ್ದು, “ಆಗಲಿ ಬಿಡಣ್ಣಾ. ನನ್ನ ನಾಲ್ಕು ದಿನದ ಕೂಲಿ ಬಾಕಿ ಇದೆ. ಅದನ್ನು ಕೇಳುವುದಕ್ಕೇ ಅವತ್ತು ಬಾಗಿಲಿಗೆ ಬಂದಿದ್ದೆ” ಎಂದಳು.

ನಾವಿಬ್ಬರೂ ತಲೆತಗ್ಗಿಸಿದೆವು. ಹುಳುಮನೆಯ ಬಾಗಿಲಲ್ಲಿ ನಿಂತಿದ್ದು ಕೆಟ್ಟ ದೃಷ್ಟಿಯಲ್ಲ, ಕೊಡದೆ ಉಳಿದ ಕೂಲಿ. ಅಂದೇ ಸಂಜೆ ಅವನು ಕೂಲಿಯನ್ನೂ, ಕೆಲಸ ತಪ್ಪಿದ ದಿನಗಳಿಗೆಂದು ಅದರ ಮೇಲೆ ಸ್ವಲ್ಪವನ್ನೂ ತಂದುಕೊಟ್ಟನು. ಅವಳು ಕೂಲಿಯನ್ನು ಎಣಿಸಿ ತೆಗೆದುಕೊಂಡು, ಮಿಕ್ಕದ್ದನ್ನು ಮೊದಲು ಬೇಡವೆಂದಳು, ಆಮೇಲೆ ತೆಗೆದುಕೊಂಡಳು. ಮೂರು ವಾರಗಳ ಮೇಲೆ ಸಭೆಗೂ ಬಂದಳು.

೭. ಪಾಠದ ತಾತ್ಪರ್ಯ

ಈ ಸಂಗತಿಗಳಿಂದ ನಾವು ಮೂರು ಮಾತುಗಳನ್ನು ತೆಗೆದುಕೊಳ್ಳಬಹುದು.

ಮೊದಲನೆಯದು. ನಷ್ಟವಾದಾಗ ‘ಯಾರಿಂದ’ ಎಂದು ಕೇಳುವ ಮೊದಲು ‘ಯಾತರಿಂದ’ ಎಂದು ಕೇಳಬೇಕು. ಬಾವಿಯ ನೀರು, ತೊಳೆಯದ ತಟ್ಟೆ, ಇಲಿಯ ಬಿಲ, ಬರೆದಿಡದ ಲೆಕ್ಕ ಇವುಗಳನ್ನು ನೋಡಿದ ಮೇಲೆಯೂ ಮನುಷ್ಯನ ತಪ್ಪು ಇದ್ದರೆ, ಆಗ ಸಾಕ್ಷಿ ಸಹಿತವಾಗಿ ವಿಚಾರಿಸಲಿ. ನಿಜವಾಗಿ ತಪ್ಪು ಮಾಡಿದವನನ್ನು ತಪ್ಪು ಮಾಡಿದವನೆಂದು ಹೇಳುವುದು ಪಾಪವಲ್ಲ.

ಎರಡನೆಯದು. ಊರೆಲ್ಲಾ ಒಬ್ಬನ ಕಡೆಗೆ ಬೆರಳು ತೋರಿಸುವಾಗ, ಆ ಒಬ್ಬನು ಬಡವನೋ, ವಿಧವೆಯೋ, ಬೇರೆ ಜಾತಿಯವನೋ, ಹೊಸದಾಗಿ ಬಂದವನೋ ಎಂದು ನೋಡಿರಿ. ಹಾಗಿದ್ದರೆ ಎರಡು ಸಾರಿ ವಿಚಾರಿಸಿರಿ. ಹೋತವನ್ನು ಆರಿಸುವವರು ಕೊಂಬು ಹಾಯುವಂಥದನ್ನು ಹಿಡಿಯುವುದಿಲ್ಲ.

ಮೂರನೆಯದು. ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮೊದಲಿನ ಹೆಜ್ಜೆ. ಬಾಕಿಯನ್ನು ಕೊಡುವುದು ಎರಡನೆಯದು. ಆದಾಮನು ಹವ್ವಳನ್ನು ತೋರಿಸಿದನು, ಹವ್ವಳು ಸರ್ಪವನ್ನು ತೋರಿಸಿದಳು. ಇಬ್ಬರೂ ತೋಟದಲ್ಲಿ ಉಳಿಯಲಿಲ್ಲ. ದಾವೀದನು ನಾತಾನನ ಮುಂದೆ ಯಾರನ್ನೂ ತೋರ್ಪಡಿಸದೆ ತನ್ನ ಪಾಪವನ್ನು ಒಪ್ಪಿದನು. ಅವನಿಗೆ ಕ್ಷಮೆಯ ಮಾತು ಬಂತು. ಜಕ್ಕಾಯನು ಒಪ್ಪಿದ್ದಲ್ಲದೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು. ನಮ್ಮ ಪಾಪದ ಹೊರೆಯನ್ನು ಹೊತ್ತು ಊರ ಹೊರಗೆ ಹೋದವನು ಒಬ್ಬನಿದ್ದಾನೆಂದು ನಂಬುವ ನಾವು, ಮತ್ತೊಬ್ಬರನ್ನು ಊರ ಹೊರಗೆ ಅಟ್ಟುವುದಕ್ಕೆ ಯಾವ ಕಾರಣವೂ ಉಳಿದಿಲ್ಲ.

ಮನೆಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಯಾಜಕಕಾಂಡದ ೧೬ನೆಯ ಅಧ್ಯಾಯದಲ್ಲಿ ಮಹಾಯಾಜಕನು ಮೊದಲು ಯಾರಿಗೋಸ್ಕರ ಅರ್ಪಿಸಿದನು? ಆ ಕ್ರಮದಿಂದ ಸಭೆಯ ಹಿರಿಯರು ಏನು ಕಲಿಯಬೇಕು?

೨. ಎರಡು ಹೋತಗಳಿಗೂ ಇರುವ ಭೇದವೇನು? ‘ಬಲಿಪಶು’ ಎಂಬ ಮಾತು ಯಾವುದಕ್ಕೆ ಸಲ್ಲುತ್ತದೆ?

೩. ಟಿಂಡೇಲನು ಹೊಸ ಶಬ್ದವನ್ನು ಹೇಗೆ ಮಾಡಿದನು?

೪. ನೀಲಗಿರಿಯ ಬಡಗರ ಕ್ರಮಕ್ಕೂ ಇಸ್ರಾಯೇಲರ ಕ್ರಮಕ್ಕೂ ಸಮಾನವಾದ ಅಂಶ ಯಾವುದು? ಈಗಿನ ಮಾತಿನಲ್ಲಿ ಆ ಅಂಶ ಏನಾಯಿತು?

೫. ನಮ್ಮ ಊರಲ್ಲಿ ಈಗ ಯಾರ ಚಾಪೆಯಲ್ಲಿ ಯಾರೂ ಕೂಡುತ್ತಿಲ್ಲ? ಅವರಿಗೆ ನಾವು ಕೊಡಬೇಕಾದ ಬಾಕಿ ಏನಾದರೂ ಉಂಟೋ?

ಕೊನೆಯ ಪ್ರಶ್ನೆಗೆ ಕೂಟದಲ್ಲಿಯೇ ಉತ್ತರ ಹೇಳಬೇಕೆಂದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಆ ಮನೆಯ ಬಾಗಿಲನ್ನು ತಟ್ಟಿದರೆ ಸಾಕು.